ಮಗಳ ಮದುವೆ ಕರಾರು ಮತ್ತು ಮಿಲಾನ್‌ನ ಗದ್ದುಗೆ

1499ರಲ್ಲಿ ಫ್ರಾನ್ಸಿನ ದೊರೆ ಹನ್ನೆರಡನೇ ಲೂಯಿ ಆಲ್ಪ್ಸ್ ದಾಟಿಸಿ ಸೇನೆ ಕಳಿಸಿ ಮಿಲಾನ್ ಹಿಡಿದ. ಪರರ ಊರಿಗೆ ನುಗ್ಗಿದೆನೆಂದು ಅವನು ಯಾವತ್ತೂ ಒಪ್ಪಲಿಲ್ಲ. ಅಜ್ಜಿಯ ಆಸ್ತಿ ಕೇಳಲು ಬಂದಿದ್ದೇನೆ ಎಂಬುದು ಅವನ ವಾದ. ಅಜ್ಜಿಯ ಹೆಸರು ವಲೆಂತೀನಾ ವಿಸ್ಕೊಂಟಿ. ಅವನು ಆಧಾರವಾಗಿ ಮುಂದಿಟ್ಟದ್ದು 1387ರಲ್ಲಿ ಬರೆದ ಅವಳ ಮದುವೆ ಕರಾರನ್ನು. ಅದನ್ನು ಬರೆಸಿದವನು ಅವಳ ತಂದೆ ಜಾನ್ ಗಲೆಯಾಟ್ಸೊ ವಿಸ್ಕೊಂಟಿ (1351–1402), ಮಿಲಾನ್‌ನ ಮೊದಲ ಡ್ಯೂಕ್. ಆ ಕರಾರಿನ ಒಂದು ಷರತ್ತು ನೂರು ವರ್ಷದ ಮೇಲೆ ಯುದ್ಧಕ್ಕೆ ನೆಪವಾದದ್ದು ಹೇಗೆಂದು ತಿಳಿಯಲು ಆ ಮನೆತನ ಯಾರದು, ಯಾರ ಜೊತೆ ಬೀಗತನ ಬೆಳೆಸಿತು, ಅದಕ್ಕೆ ಎಷ್ಟು ತೆತ್ತಿತು ಎಂಬುದನ್ನು ಮೊದಲಿನಿಂದ ನೋಡಬೇಕು.

ವಿಸ್ಕೊಂಟಿ ಎಂಬುದು ಮೂಲದಲ್ಲಿ ಹುದ್ದೆಯ ಹೆಸರು. ಹಾಗಾಗಿ ಇಟಲಿಯಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ವಿಸ್ಕೊಂಟಿಗಳು ಹಲವರಿದ್ದರು. ಪೀಸಾದ ವಿಸ್ಕೊಂಟಿಗಳು ಬೇರೆ. ಹತ್ತನೇ ಗ್ರೆಗೊರಿ ಎಂಬ ಹೆಸರಿನಲ್ಲಿ ಪೋಪ್ ಆದ ಪಿಯಚೆಂತ್ಸಾದ ತೆಬಾಲ್ದೊ ವಿಸ್ಕೊಂಟಿಯ ಕುಟುಂಬವೂ ಬೇರೆ. ವಂಶಾವಳಿ ಹುಡುಕುವವರು ಮೊದಲು ಎಡವುವುದು ಇಲ್ಲೇ. ಬೆಯಾತ್ರಿಚೆ ದೆಸ್ತೆ ಎಂಬಾಕೆಯಂತೂ ಮೊದಲು ಪೀಸಾದ ವಿಸ್ಕೊಂಟಿಯೊಬ್ಬನ ಹೆಂಡತಿ. ವಿಧವೆಯಾದ ಮೇಲೆ 1300ರಲ್ಲಿ ಮಿಲಾನ್‌ನ ವಿಸ್ಕೊಂಟಿಯನ್ನು ಮದುವೆಯಾದಳು. ಎರಡು ಸಾಲುಗಳನ್ನು ಒಂದೇ ಎಂದು ಬೆಸೆದ ಪಟ್ಟಿಗಳು ಈಗಲೂ ಕಣ್ಣಿಗೆ ಬೀಳುತ್ತವೆ.

ಮಿಲಾನ್‌ನ ಮನೆತನ ಮೇಲೆ ಬಂದದ್ದು ಒಬ್ಬ ಆರ್ಚ್‌ಬಿಷಪ್‌ನಿಂದ. 1262ರಲ್ಲಿ ಪೋಪ್ ನೇಮಿಸಿದ ಒತ್ತೋನೆ ವಿಸ್ಕೊಂಟಿಯನ್ನು ಊರನ್ನಾಳುತ್ತಿದ್ದ ದೆಲ್ಲಾ ತೊರ್ರೆ ಕುಲ ಒಳಗೆ ಬಿಡಲಿಲ್ಲ. ಹದಿನೈದು ವರ್ಷ ಹೊರಗಿದ್ದು, 1277ರ ಜನವರಿಯಲ್ಲಿ ದೇಸಿಯೊ ಎಂಬಲ್ಲಿ ಅವರನ್ನು ಸೋಲಿಸಿ ಅವನು ಮಿಲಾನ್ ಹೊಕ್ಕ. ಪಾದ್ರಿಗೆ ಔರಸ ಸಂತಾನವಿಲ್ಲ. ಅಧಿಕಾರ ಹೋದದ್ದು ಸೋದರನ ಮೊಮ್ಮಗ ಮತ್ತೆಯೊಗೆ. ಗದ್ದುಗೆ ತಂದೆಯಿಂದ ಹಿರಿಮಗನಿಗೆ ಎಂಬ ನಿಯಮ ಈ ಮನೆಯಲ್ಲಿ ಬೇರೂರಲೇ ಇಲ್ಲ. ಮತ್ತೆಯೊನ ಹಿರಿಮಗನ ಸಾಲು 1339ರಲ್ಲಿ ಮುಗಿಯಿತು. ಇನ್ನೊಬ್ಬ ಮಗ ಲುಕೀನೊ 1349ರಲ್ಲಿ ಸತ್ತಾಗ ಅವನ ಹೆಂಡತಿಯ ಮೇಲೆ ವ್ಯಭಿಚಾರದ ಆರೋಪ ಹೊರಿಸಿ ಮಕ್ಕಳನ್ನು ಪಾಲಿನಿಂದ ಹೊರಗಿಟ್ಟರು. ಮತ್ತೊಬ್ಬ ಮಗ ಜೊವಾನ್ನಿಯೂ ಆರ್ಚ್‌ಬಿಷಪ್. ಕೊನೆಗೆ, 1354ರಲ್ಲಿ, ಎಲ್ಲವೂ ಬಂದದ್ದು ಅಧಿಕಾರವನ್ನೇ ಕಾಣದೆ 1327ರಲ್ಲಿ ತೀರಿಕೊಂಡಿದ್ದ ಇನ್ನೂ ಒಬ್ಬ ಮಗ ಸ್ತೆಫಾನೊನ ಮೂವರು ಮಕ್ಕಳಿಗೆ: ಮತ್ತೆಯೊ, ಗಲೆಯಾಟ್ಸೊ, ಬರ್ನಬೊ. ಮರುವರ್ಷವೇ ಮತ್ತೆಯೊ ಸತ್ತ. ತಮ್ಮಂದಿರೇ ವಿಷ ಹಾಕಿದರೆಂದು ಊರು ಆಡಿಕೊಂಡಿತು. ಉಳಿದಿಬ್ಬರು ಸೀಮೆಯನ್ನು ಹಂಚಿಕೊಂಡರು. ಗಲೆಯಾಟ್ಸೊ ಪಾವಿಯಾಗೆ ಹೋಗಿ ಕೂತ; ಬರ್ನಬೊ ಮಿಲಾನ್‌ನಲ್ಲಿ ಉಳಿದ. ಜಾನ್ ಗಲೆಯಾಟ್ಸೊ ಈ ಗಲೆಯಾಟ್ಸೊನ ಮಗ.

ಅವನ ಅಜ್ಜ ಅಜ್ಜಿಯರು ನಾಲ್ವರು. ತಂದೆಯ ಕಡೆ ಸ್ತೆಫಾನೊ ಮತ್ತು ಜಿನೋವಾದ ವಲೆಂತೀನಾ ದೋರಿಯಾ. ಬರ್ನಬೊ, ವಲೆಂತೀನಾ ಎಂಬ ಹೆಸರುಗಳು ವಿಸ್ಕೊಂಟಿ ಮನೆಗೆ ಬಂದದ್ದು ಈ ದೋರಿಯಾ ಅಜ್ಜಿಯ ಜೊತೆಗೇ. ಅವಳ ತಂದೆಯೂ ಬರ್ನಬೊ. ಅವಳ ತಾತ ಬ್ರಾಂಕಾ ದೋರಿಯಾ ಹೆಣ್ಣು ಕೊಟ್ಟ ಮಾವನನ್ನೇ ಕೊಂದವನು, ಬದುಕಿರುವಾಗಲೇ ಡಾಂಟೆ ಕವಿಯಿಂದ ನರಕಕ್ಕೆ ಕಳಿಸಿಕೊಂಡವನು. ತಾಯಿಯ ಕಡೆಯದು ಇದಕ್ಕಿಂತ ದೊಡ್ಡ ಮನೆ. ತಾಯಿ ಬಿಯಾಂಕಾ ಸವೊಯ್ ಕೌಂಟ್ ಐಮೋನೆಯ ಮಗಳು. ಬಿಯಾಂಕಾಳ ತಾಯಿ ವಯೊಲಾಂತೆ ಮೊಂಫೆರಾತೊದ ಮಾರ್ಕ್ವಿಸ್ ತಿಯೊಡೋರನ ಮಗಳು. ಈ ತಿಯೊಡೋರ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಎರಡನೇ ಆಂಡ್ರೊನಿಕಸ್‌ನ ಮಗ. ತನ್ನ ತಾಯಿಯ ತವರಿನ ಸೀಮೆಗೆ ವಾರಸುದಾರನಾಗಿ ಇಟಲಿಗೆ ಬಂದವನು. ಅಂದರೆ ಜಾನ್ ಗಲೆಯಾಟ್ಸೊನ ಮುತ್ತಜ್ಜನ ತಂದೆ ಒಬ್ಬ ಪೂರ್ವ ರೋಮನ್ ಚಕ್ರವರ್ತಿ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಂದೆ ಮಗನಿಗೆ ಹೆಣ್ಣು ತಂದ ಬಗೆ ಯುರೋಪಿನಾದ್ಯಂತ ಮಾತಿಗೆ ವಸ್ತುವಾಯಿತು. 1356ರಲ್ಲಿ ಪ್ವಾತಿಯೆ ಕಾಳಗದಲ್ಲಿ ಫ್ರಾನ್ಸಿನ ದೊರೆ ಎರಡನೇ ಜಾನ್ ಇಂಗ್ಲಿಷರ ಸೆರೆಯಾಗಿದ್ದ. 1360ರ ಬ್ರೆತಿನ್ಯಿ ಒಪ್ಪಂದದಲ್ಲಿ ಅವನ ಬಿಡುಗಡೆಗೆ ಗೊತ್ತಾದ ಹಣ 30 ಲಕ್ಷ ಚಿನ್ನದ ಎಕ್ಯು. ಮೊದಲ ಕಂತು 6 ಲಕ್ಷ, ಅದು ಕೈಸೇರದೆ ದೊರೆ ಹೊರಬರುವಂತಿಲ್ಲ. ಕೊಳ್ಳೆಹೋದ ನಾಡಿನಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಮಿಲಾನ್‌ನ ಸೋದರರ ಬಳಿ ಹಣವಿತ್ತು, ರಾಜರಕ್ತವಿರಲಿಲ್ಲ. 6 ಲಕ್ಷ ಫ್ಲೋರಿನ್‌ಗೆ ದೊರೆಯ ಮಗಳು ಇಸಬೆಲ್‌ಳ ಸಂಬಂಧ ಕುದುರಿತೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಫ್ಲೋರಿನ್ ಎಂದರೆ ಸುಮಾರು ಮೂರೂವರೆ ಗ್ರಾಂ ಅಚ್ಚ ಚಿನ್ನ. ಒಟ್ಟು ಎರಡು ಟನ್ ದಾಟುತ್ತದೆ. ದೊರೆ ತನ್ನ ಮಾಂಸವನ್ನೇ ಮಾರಿಕೊಂಡ ಎಂದು ಫ್ಲಾರೆನ್ಸಿನ ಚರಿತ್ರೆಕಾರ ಮತ್ತೇಯೊ ವಿಲ್ಲಾನಿ ಬರೆದ. 1360ರ ಅಕ್ಟೋಬರ್‌ನಲ್ಲಿ ಮದುವೆಯಾದಾಗ ಹುಡುಗಿಗೆ 12 ವರ್ಷ, ಹುಡುಗನಿಗೆ ಇನ್ನೂ 9 ತುಂಬಿರಲಿಲ್ಲ. ಇಸಬೆಲ್‌ಳ ಜೊತೆ ಬಂದದ್ದು ಶಾಂಪೇನ್ ಸೀಮೆಯ ವೆರ್ತು ಎಂಬ ಪುಟ್ಟ ಜಹಗೀರು. ಜಾನ್ ಗಲೆಯಾಟ್ಸೊ ಮುಂದೆ ಬಹುಕಾಲ ಕರೆಸಿಕೊಂಡದ್ದು ವೆರ್ತುವಿನ ಕೌಂಟ್ ಎಂದೇ. ಕೊಂಡ ಬಿರುದಾದರೂ ಫ್ರೆಂಚ್ ರಾಜಮನೆಯದು ಎಂಬುದು ಮುಖ್ಯವಾಗಿತ್ತು.

ಅಣ್ಣನ ಮದುವೆಯ ಲೆಕ್ಕವನ್ನು ತಂಗಿಯ ಮದುವೆಯಲ್ಲೂ ನಡೆಸಿದರು, ಫಲ ಮಾತ್ರ ಬೇರೆಯಾಯಿತು. 1368ರ ಬೇಸಿಗೆಯಲ್ಲಿ ವಯೊಲಾಂತೆಯನ್ನು ಇಂಗ್ಲೆಂಡಿನ ದೊರೆಯ ಮಗ ಲಯನೆಲ್‌ಗೆ ಕೊಟ್ಟರು. ಅವನಿಗೆ 29, ಅವಳಿಗೆ ಹೆಚ್ಚೆಂದರೆ 14. ವರದಕ್ಷಿಣೆಗೆ ಹಣದ ಜೊತೆ ಅಲ್ಬಾ ಮೊದಲಾದ ಪಿಯೆಮೊಂತೆಯ ಊರುಗಳು. ಮಿಲಾನ್‌ನ ಮದುವೆ ಊಟದಲ್ಲಿ ಮಾಂಸಕ್ಕೂ ಮೀನಿಗೂ ಚಿನ್ನದ ರೇಕು ಹಚ್ಚಿ ಬಡಿಸಿದರು. ಒಂದೊಂದು ಬಗೆ ಬಡಿಸಿದಾಗಲೂ ಬೇಟೆನಾಯಿ, ಡೇಗೆ, ಕುದುರೆ, ಕವಚಗಳ ಉಡುಗೊರೆ ಬಂತು. ಪಂಕ್ತಿಯಲ್ಲಿ ಕವಿ ಪೆಟ್ರಾರ್ಕನೂ ಕೂತಿದ್ದ. ಅಕ್ಟೋಬರ್‌ನಲ್ಲಿ ಲಯನೆಲ್ ಅಲ್ಬಾದಲ್ಲಿ ತೀರಿಕೊಂಡ. ಮಗುವಾಗಿರಲಿಲ್ಲ. ಊರುಗಳನ್ನು ಹಿಂದಿರುಗಿಸಲು ಅವನ ಕಡೆಯ ಇಂಗ್ಲಿಷರು ಒಪ್ಪದೆ ವಿಸ್ಕೊಂಟಿಗಳ ಮೇಲೆ ಕತ್ತಿ ಎತ್ತಿದರು. ಹಣವನ್ನು ಕಂತಿನಲ್ಲಿ ಕೊಡಬಹುದು, ಬೇಡವೆನಿಸಿದರೆ ನಿಲ್ಲಿಸಬಹುದು. ಊರನ್ನು ಕೊಟ್ಟರೆ ಕೋಟೆಯ ಬೀಗದ ಕೈ ಬೀಗರ ಬಳಿ. ಜಮೀನಿನ ವರದಕ್ಷಿಣೆಯ ತೊಡಕು ಇದು. ಇದನ್ನು ಕಂಡ ಮೇಲೂ ಜಾನ್ ಗಲೆಯಾಟ್ಸೊ ತನ್ನ ಮಗಳಿಗೆ ಊರನ್ನೇ ಕೊಟ್ಟ.

ವಯೊಲಾಂತೆಯ ಎರಡನೆಯ ಮದುವೆ 1377ರಲ್ಲಿ, ಮೊಂಫೆರಾತೊದ ಮಾರ್ಕ್ವಿಸ್ ಸೆಕೊಂದೊತ್ತೊ ಜೊತೆ. ಮರುವರ್ಷವೇ ಅವನ ಕೊಲೆಯಾಯಿತು. ಅವನ ಪರವಾಗಿ ನೋಡಿಕೊಳ್ಳುವ ನೆಪದಲ್ಲಿ ಕೈಗೆ ಬಂದಿದ್ದ ಅಸ್ತಿ ನಗರವನ್ನು ಭಾವಮೈದುನ ಜಾನ್ ಗಲೆಯಾಟ್ಸೊ ತನ್ನಲ್ಲೇ ಇಟ್ಟುಕೊಂಡ. ಮೂರನೆಯ ಮದುವೆ 1381ರಲ್ಲಿ, ಬರ್ನಬೊನ ಮಗ ಲುದೊವೀಕೊ ಜೊತೆ.

ಈ ಮದುವೆಗಳ ಹಿಂದೆ ಚರ್ಚಿನ ಲೆಕ್ಕವೊಂದಿತ್ತು. 1215ರಿಂದೀಚೆಗೆ ನಾಲ್ಕನೇ ತಲೆಯೊಳಗಿನ ರಕ್ತಸಂಬಂಧಿಗಳು ಮದುವೆಯಾಗುವಂತಿಲ್ಲ. ಎಣಿಸುವ ಕ್ರಮ ಸರಳ: ಇಬ್ಬರಿಗೂ ಸಮಾನನಾದ ಪೂರ್ವಜನವರೆಗೆ ಒಂದೊಂದು ಕಡೆಯಿಂದ ಎಷ್ಟು ತಲೆಮಾರು ಹತ್ತಬೇಕು ಎಂದು ನೋಡುವುದು. ವಯೊಲಾಂತೆ–ಲುದೊವೀಕೊ ಇಬ್ಬರಿಗೂ ಸ್ತೆಫಾನೊ ತಾತ, ಎರಡು–ಎರಡು. ಸೆಕೊಂದೊತ್ತೊಗೆ ತಾತನಾದ ಮಾರ್ಕ್ವಿಸ್ ತಿಯೊಡೋರ ವಯೊಲಾಂತೆಗೆ ತಾಯಿ, ಅಜ್ಜಿಯ ಮೂಲಕ ಮುತ್ತಜ್ಜ, ಎರಡು–ಮೂರು. ಎಲ್ಲವೂ ನಿಷೇಧದೊಳಗೆ ಬರುವಂಥವೇ, ಪೋಪ್‌ನಿಂದ ವಿನಾಯಿತಿ ಪತ್ರ ತರಲೇಬೇಕು. ಪತ್ರದಲ್ಲಿ ತಲೆಗಳ ಎಣಿಕೆ ತಪ್ಪಿದರೆ ಮದುವೆಯೇ ಅಸಿಂಧು ಎಂದು ಮುಂದೊಂದು ದಿನ ಯಾರಾದರೂ ವಾದಿಸಬಹುದಿತ್ತು. 1378ರಿಂದ ರೋಮ್‌ನಲ್ಲೊಬ್ಬ, ಅವಿನ್ಯೋನ್‌ನಲ್ಲೊಬ್ಬ, ಹೀಗೆ ಇಬ್ಬರು ಪೋಪ್‌ಗಳಾದ ಮೇಲಂತೂ ಯಾರಿಂದ ಪತ್ರ ತಂದರು ಎಂಬುದೂ ರಾಜಕೀಯವಾಯಿತು.

ಇಸಬೆಲ್ 1372ರಲ್ಲಿ ಹೆರಿಗೆಯ ಹೊತ್ತಿನಲ್ಲಿ ಸತ್ತಳು. ಮೂವರು ಗಂಡುಮಕ್ಕಳು ಒಬ್ಬೊಬ್ಬರಾಗಿ ಹೋದರು, ಕೊನೆಯವನು 1381ರಲ್ಲಿ. ಉಳಿದವಳು ವಲೆಂತೀನಾ ಒಬ್ಬಳೇ. ನಡುವೆ ಸಿಸಿಲಿಯ ರಾಣಿ ಮರಿಯಾಳನ್ನು ತರಲು ಮಾತಾಗಿತ್ತು. ಅದನ್ನು ತಪ್ಪಿಸಲೆಂದೇ ಅಲ್ಲಿಯ ಒಬ್ಬ ಸರದಾರ 1379ರಲ್ಲಿ ಅವಳನ್ನು ಕತಾನಿಯಾದ ಕೋಟೆಯಿಂದ ಎತ್ತಿಕೊಂಡು ಹೋದ. ಕೊನೆಗೆ 1380ರಲ್ಲಿ ಜಾನ್ ಗಲೆಯಾಟ್ಸೊ ಮದುವೆಯಾದದ್ದು ಬರ್ನಬೊನ ಮಗಳು ಕತೆರೀನಾಳನ್ನು, ಅಂದರೆ ಚಿಕ್ಕಪ್ಪನ ಮಗಳನ್ನು. ನಮ್ಮ ಲೆಕ್ಕದಲ್ಲಿ ತಂಗಿ, ಮಾತೆತ್ತುವಂತೆಯೇ ಇಲ್ಲ. ಮುಂದೆ ವಲೆಂತೀನಾಳನ್ನು ಕೊಟ್ಟದ್ದು ಅವಳ ಸೋದರಮಾವನ ಮಗನಿಗೆ. ಅದನ್ನು ಕೇಳಿದರೆ ನಮ್ಮ ಅಜ್ಜಿಯರು ಹೊರಗಿನಿಂದ ಗಂಡು ಹುಡುಕುವ ಅಗತ್ಯವೇನಿತ್ತು ಎಂದಾರು. ಚರ್ಚಿಗೆ ಎರಡೂ ಒಂದೇ: ಎರಡು–ಎರಡು. ಮೊದಲನೆಯದಕ್ಕೆ ವಿನಾಯಿತಿ ರೋಮ್‌ನ ಆರನೇ ಉರ್ಬನ್‌ನಿಂದ ಬಂತು, ಎರಡನೆಯದಕ್ಕೆ ಅವಿನ್ಯೋನ್‌ನ ಏಳನೇ ಕ್ಲೆಮೆಂಟ್‌ನಿಂದ.

ಬರ್ನಬೊ ಮಕ್ಕಳ ವಿಷಯದಲ್ಲಿ ಶ್ರೀಮಂತ. ಹೆಂಡತಿ ರೆಜೀನಾ ದೆಲ್ಲಾ ಸ್ಕಾಲಾ ಹೆತ್ತವರೇ ಹದಿನೈದರಷ್ಟು, ಹೊರಗಿನವರು ಬೇರೆ. ಹೆಣ್ಣುಮಕ್ಕಳನ್ನು ಅವನು ಆಲ್ಪ್ಸ್‌ನ ಆಚೆಗೆ ಹಂಚಿದ: ವೆರ್ದೆಯನ್ನು ಆಸ್ಟ್ರಿಯಾದ ಲಿಯೊಪೋಲ್ಡ್‌ಗೆ, ತದ್ದೇಯಾಳನ್ನು ಬವೇರಿಯಾದ ಸ್ಟೀಫನ್‌ಗೆ, ಅಂತೋನಿಯಾಳನ್ನು ವುರ್ಟೆಂಬರ್ಗ್‌ನ ಎಬರ್‌ಹಾರ್ಡ್‌ಗೆ, ವಲೆಂತೀನಾ ಎಂಬ ಇನ್ನೊಬ್ಬಳನ್ನು ಸೈಪ್ರಸ್ ದೊರೆಗೆ. ದಾಯಾದಿ ಅಳಿಯನನ್ನು ಮಾತ್ರ ಅವನು ಸರಿಯಾಗಿ ಅಳೆಯಲಿಲ್ಲ. 1385ರ ಮೇ 6ರಂದು, ವರೇಸೆಯ ಬಳಿಯ ಬೆಟ್ಟದ ಮೇರಿಮಾತೆಗೆ ಹರಕೆ ಸಲ್ಲಿಸಲು ಹೊರಟವನಂತೆ ಜಾನ್ ಗಲೆಯಾಟ್ಸೊ ದೊಡ್ಡ ದಂಡಿನ ಜೊತೆ ಮಿಲಾನ್‌ನ ಹೊರಗೆ ಬಂದ. ಎದುರುಗೊಳ್ಳಲು ಹೋದ ಮಾವನನ್ನು ಇಬ್ಬರು ಮಕ್ಕಳ ಸಮೇತ ಹಿಡಿಸಿದ. ಮಕ್ಕಳಲ್ಲಿ ಒಬ್ಬ ಲುದೊವೀಕೊ, ತಂಗಿಯ ಗಂಡ. ಬರ್ನಬೊ ಡಿಸೆಂಬರ್‌ನಲ್ಲಿ ತ್ರೆತ್ಸೊ ಕೋಟೆಯಲ್ಲಿ ಸತ್ತ. ಅಲ್ಲೂ ವಿಷದ ಮಾತೇ.

ಆದರೆ ಕೊಟ್ಟ ಹೆಣ್ಣುಮಕ್ಕಳನ್ನು ಯಾರೂ ಸೆರೆ ಹಿಡಿಯಲಾರರು. ತದ್ದೇಯಾಳ ಮಗಳು ಇಸಬೋ ತಾತ ಸೆರೆಯಾದ ಎರಡೇ ತಿಂಗಳಲ್ಲಿ ಫ್ರಾನ್ಸಿನ ರಾಣಿಯಾದಳು. ವಲೆಂತೀನಾ ಮದುವೆಯಾದದ್ದು ಆ ದೊರೆಯ ತಮ್ಮ ಲೂಯಿಯನ್ನು, ಮುಂದಿನ ಓರ್ಲಿಯಾನ್ ಡ್ಯೂಕನನ್ನು. 1389ರಲ್ಲಿ ಅವಳು ಪ್ಯಾರಿಸ್‌ಗೆ ಕಾಲಿಟ್ಟಾಗ ಎದುರಿದ್ದ ವಾರಗಿತ್ತಿ ಅವಳ ತಂದೆ ಕೆಡವಿದ ಬರ್ನಬೊನ ಮೊಮ್ಮಗಳು. ದೊರೆಗೆ ಬುದ್ಧಿಭ್ರಮೆಯಾದದ್ದು ವಲೆಂತೀನಾಳ ಮಾಟದಿಂದ ಎಂಬ ಗುಲ್ಲೆದ್ದು 1396ರಲ್ಲಿ ಅವಳು ಪ್ಯಾರಿಸ್ ಬಿಟ್ಟಳು. ಬಿದ್ದವನ ಮಗಳಿಗೆ ಮನ್ನಣೆಯೂ ಇರಲಿಲ್ಲ: ಬರ್ನಬೊನ ಇನ್ನೊಬ್ಬ ಮಗಳು ಆನ್ಯೇಸೆಯನ್ನು ಗಂಡ, ಮಾಂತುವಾದ ಫ್ರಾನ್ಸೆಸ್ಕೊ ಗೊಂಜಾಗಾ, 1391ರಲ್ಲಿ ವ್ಯಭಿಚಾರದ ಆರೋಪ ಹೊರಿಸಿ ತಲೆ ಕಡಿಸಿದ.

ಈಗ ಆ ಕರಾರಿಗೆ ಬರೋಣ. ವಲೆಂತೀನಾಳಿಗೆ 4 ಲಕ್ಷ 50 ಸಾವಿರ ಫ್ಲೋರಿನ್, ಮೇಲೆ ಅಸ್ತಿ ನಗರ. ತಂಗಿಯ ಗಂಡನಿಂದ ಉಳಿಸಿಕೊಂಡ ಅದೇ ಅಸ್ತಿ. ಜಾನ್ ಗಲೆಯಾಟ್ಸೊಗೆ ಔರಸ ಗಂಡುಸಂತಾನ ಉಳಿಯದಿದ್ದರೆ ವಲೆಂತೀನಾಳೂ ಅವಳ ಮಕ್ಕಳೂ ವಾರಸುದಾರರು ಎಂಬ ಷರತ್ತನ್ನೂ ಬರೆದರು. ಬರೆದ ವರ್ಷ ನೋಡಬೇಕು: 1387. ಅವತ್ತು ಅವನಿಗೆ ಔರಸ ಗಂಡುಮಕ್ಕಳಿರಲಿಲ್ಲ. ಕತೆರೀನಾಳ ಹಿರಿಮಗ ಜೊವಾನ್ನಿ ಮರಿಯಾ ಹುಟ್ಟಿದ್ದು 1388ರ ಸೆಪ್ಟೆಂಬರ್‌ನಲ್ಲಿ, ಫಿಲಿಪ್ಪೊ ಮರಿಯಾ 1392ರಲ್ಲಿ. ಫ್ರೆಂಚರ ಕಣ್ಣಿಗೆ ಆ ಷರತ್ತಿನ ಮೌಲ್ಯ ಸೊಸೆಯ ಚಿನ್ನಕ್ಕಿಂತ ಹೆಚ್ಚಿತ್ತು. ಗಂಡುಮಕ್ಕಳು ಹುಟ್ಟಿದ ಮೇಲೆ ಅದು ಸತ್ತ ಕಾಗದ ಎಂದು ಮಿಲಾನ್‌ನವರು ತಿಳಿದರು. ಷರತ್ತಿನಲ್ಲಿ ಕಾಲಮಿತಿ ಇರಲಿಲ್ಲ, ತೊಡಕು ಅಲ್ಲೇ ಉಳಿಯಿತು.

1395ರಲ್ಲಿ ಜರ್ಮನ್ ದೊರೆ ವೆನ್ಸೆಸ್ಲಾಸ್‌ನಿಂದ 1 ಲಕ್ಷ ಫ್ಲೋರಿನ್‌ಗೆ ಡ್ಯೂಕ್ ಪದವಿ ಬಂತು. ಸೆಪ್ಟೆಂಬರ್ 5ರಂದು ಸಂತ ಅಂಬ್ರೋಜೊ ದೇಗುಲದ ಮುಂದೆ ಪಟ್ಟಾಭಿಷೇಕ. ಈಗ ಮಿಲಾನ್ ಪವಿತ್ರ ರೋಮನ್ ಸಾಮ್ರಾಜ್ಯದ ಜಹಗೀರು, ಜಹಗೀರಿನ ಕಾನೂನು ಗಂಡುಸಾಲಿನದು. ಹಾಗಿದ್ದರೆ ಅದಕ್ಕೂ ಮೊದಲೇ ಬರೆದ ಕರಾರು ನಿಲ್ಲುತ್ತದೆಯೇ? ಮುಂದೆ ಎರಡೂ ಕಡೆಯ ವಕೀಲರು ಕಾದಾಡಿದ್ದು ಈ ಪ್ರಶ್ನೆಯ ಮೇಲೇ. ಮಿಲಾನ್ ಮಾರಿದ್ದೇ ತಪ್ಪುಗಳಲ್ಲೊಂದೆಂದು ಪಟ್ಟಿ ಮಾಡಿ 1400ರಲ್ಲಿ ವೆನ್ಸೆಸ್ಲಾಸ್‌ನನ್ನೇ ಇಳಿಸಿದರು.

ಡ್ಯೂಕ್ ಆದವನಿಗೆ ಹಳೆಯ ಕುಲವೂ ಬೇಕಲ್ಲ. 1402ರ ಸೆಪ್ಟೆಂಬರ್ 3ರಂದು ಅವನು ಮೆಲೆನ್ಯಾನೊದಲ್ಲಿ ಸತ್ತಾಗ ಚರಮಭಾಷಣ ಮಾಡಿದವನು ಅಗಸ್ಟೀನಿಯನ್ ಸನ್ಯಾಸಿ ಪಿಯೆತ್ರೊ ದಾ ಕಸ್ತೆಲೆತ್ತೊ. ಮರುವರ್ಷ ಆ ಭಾಷಣದ ಪ್ರತಿಗೆ ಮಿಕೆಲೀನೊ ದಾ ಬೆಸೊತ್ಸೊ ಚಿತ್ರ ಬರೆದ. ಜೊತೆಗಿರುವ ವಂಶಾವಳಿ ಅಂಗೇರಾದ ಕೌಂಟ್‌ಗಳ ಮೂಲಕ ಟ್ರಾಯ್‌ನ ವೀರ ಈನಿಯಸ್‌ವರೆಗೆ ಹೋಗುತ್ತದೆ. ಪುಟ್ಟ ವೃತ್ತಗಳೊಳಗೆ ಒಬ್ಬೊಬ್ಬರ ಮುಖ. ಮೇರಿಯ ತೊಡೆಯ ಮೇಲಿನ ಬಾಲಯೇಸು ಮಂಡಿಯೂರಿದ ಡ್ಯೂಕನಿಗೆ ಕಿರೀಟ ತೊಡಿಸುತ್ತಿದ್ದಾನೆ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅದು ಈಗಲೂ ಇದೆ. ಕೆಲಸ ಸೊಗಸಾಗಿದೆ, ಇತಿಹಾಸವಾಗಿ ಸೊನ್ನೆ. ದಾಖಲೆಯಿರುವ ಚಕ್ರವರ್ತಿಯೊಬ್ಬ ತಾಯಿಯ ಸಾಲಿನಲ್ಲಿದ್ದರೂ ಆ ವಂಶಾವಳಿ ಹಿಡಿದದ್ದು ತಂದೆಯ ಸಾಲನ್ನು, ಆ ಸಾಲಿನಲ್ಲಿ ಇದ್ದವರು ಊರ ಸರದಾರರು. ಆದ್ದರಿಂದ ಟ್ರಾಯ್‌ವರೆಗೆ ಓಡಬೇಕಾಯಿತು.

ಗಂಡುಸಾಲು ಎರಡನೇ ತಲೆಗೇ ನಿಂತಿತು. ಜೊವಾನ್ನಿ ಮರಿಯಾನನ್ನು 1412ರಲ್ಲಿ ಚರ್ಚಿನ ಬಾಗಿಲಲ್ಲೇ ಕೊಂದರು. ಫಿಲಿಪ್ಪೊ ಮರಿಯಾ ತನಗಿಂತ ಬಹಳ ಹಿರಿಯಳಾದ ಶ್ರೀಮಂತ ವಿಧವೆ ಬೆಯಾತ್ರಿಚೆಯನ್ನು ಅವಳ ಸೇನೆ, ಸಂಪತ್ತಿಗಾಗಿ ಕಟ್ಟಿಕೊಂಡ. ಆರು ವರ್ಷಕ್ಕೆ ಬಿನಾಸ್ಕೊದಲ್ಲಿ ತಲೆ ಹೊಡೆಸಿದ. ಸವೊಯ್‌ನ ಎರಡನೇ ಹೆಂಡತಿಗೂ ಮಕ್ಕಳಾಗಲಿಲ್ಲ. 1447ರಲ್ಲಿ ಅವನು ಸತ್ತಾಗ ಉಳಿದದ್ದು ಆನ್ಯೇಸೆ ದೆಲ್ ಮಾಯ್ನೊ ಎಂಬ ಪ್ರೇಯಸಿಗೆ ಹುಟ್ಟಿದ ಮಗಳು ಬಿಯಾಂಕಾ ಮರಿಯಾ. ಅವಳ ಗಂಡ, ಬಾಡಿಗೆ ಸೇನಾಪತಿ ಫ್ರಾನ್ಸೆಸ್ಕೊ ಸ್ಫೋರ್ತ್ಸಾ, 1450ರಲ್ಲಿ ಮಿಲಾನ್ ಹಿಡಿದ. ವಲೆಂತೀನಾಳ ಮಗ ಶಾರ್ಲ್ ಹಳೆಯ ಷರತ್ತನ್ನು ಎತ್ತಿದ್ದು 1447ರಲ್ಲೇ. ಔರಸ ಸಾಲು ನಮ್ಮದು ಎಂದು ಅಸ್ತಿಯಿಂದ ದಂಡು ಹೊರಡಿಸಿ ಸೋತ. ಅವನ ಮಗನೇ ಹನ್ನೆರಡನೇ ಲೂಯಿ.

ಲೂಯಿಯ ನಂತರ ಬಂದ ಒಂದನೇ ಫ್ರಾನ್ಸಿಸ್ ಕೂಡ ವಲೆಂತೀನಾಳ ಮರಿಮಗ. 1525ರ ಫೆಬ್ರವರಿಯಲ್ಲಿ ಪಾವಿಯಾ ಬಳಿ ಅವನನ್ನು ಸೋಲಿಸಿ ಸೆರೆಹಿಡಿದದ್ದು ಐದನೇ ಚಾರ್ಲ್ಸ್ ಚಕ್ರವರ್ತಿಯ ಸೇನೆ. ಚಾರ್ಲ್ಸ್‌ನ ಪಟ್ಟಿ ಹೀಗೆ: ತಂದೆ ಫಿಲಿಪ್, ತಾತ ಮ್ಯಾಕ್ಸಿಮಿಲಿಯನ್, ಅವನ ತಂದೆ ಮೂರನೇ ಫ್ರೆಡ್ರಿಕ್, ಅವನ ತಂದೆ ಎರ್ನ್‌ಸ್ಟ್, ಅವನ ತಾಯಿ ವೆರ್ದೆ ವಿಸ್ಕೊಂಟಿ, ಬರ್ನಬೊನ ಮಗಳು. ಮಿಲಾನ್‌ಗಾಗಿ ಹೊಡೆದಾಡಿದ ಇಬ್ಬರೂ ಆ ಮನೆಯ ಹೆಣ್ಣುಮಕ್ಕಳ ಕುಡಿಗಳೇ. ಆದರೆ ಚಾರ್ಲ್ಸ್ ಅಜ್ಜಿಯ ಹೆಸರೆತ್ತಬೇಕಾಗಿರಲಿಲ್ಲ. 1535ರಲ್ಲಿ ಕೊನೆಯ ಸ್ಫೋರ್ತ್ಸಾ ಮಕ್ಕಳಿಲ್ಲದೆ ಸತ್ತಾಗ ವಾರಸುದಾರನಿಲ್ಲದ ಜಹಗೀರು ಒಡೆಯನಿಗೇ ಮರಳಿತೆಂದು ಮಿಲಾನನ್ನು ತನ್ನ ಕೈಗೆ ತೆಗೆದುಕೊಂಡ, 1540ರಲ್ಲಿ ಮಗ ಫಿಲಿಪ್‌ಗೆ ಬರೆದುಕೊಟ್ಟ.