ಪದ ಪರಿಚಯ: ಗ್ರೀವೆನ್ಸ್ ಸ್ಟಡೀಸ್

ತಾಲೂಕು ಕಚೇರಿಯಲ್ಲಿ ಕುಂದುಕೊರತೆ ಸಭೆ ಇದ್ದರೆ ಪಿಂಚಣಿ ನಿಂತವರು, ಪಹಣಿಯಲ್ಲಿ ಹೆಸರು ತಪ್ಪಾದವರು ಅರ್ಜಿ ಹಿಡಿದು ಬರುತ್ತಾರೆ. ಇಂಗ್ಲಿಷಿನ ‘ಗ್ರೀವೆನ್ಸ್’ಗೆ ಸರ್ಕಾರಿ ಕನ್ನಡದಲ್ಲಿ ಕುಂದುಕೊರತೆ ಅನ್ನುತ್ತೇವೆ. ಅದರಲ್ಲಿ ಅವಮಾನವೇನೂ ಇಲ್ಲ. ಪಕ್ಕದಲ್ಲಿ ‘ಸ್ಟಡೀಸ್’ ಸೇರಿತೋ, ಧಾಟಿಯೇ ಬದಲಾಗುತ್ತದೆ. ಸದಾ ಗೊಣಗುವವರು ಕಟ್ಟಿಕೊಂಡ ಶಾಸ್ತ್ರ ಅನ್ನೋ ಹಾಗೆ.

ಲಿಂಗತ್ವ, ಜನಾಂಗ, ಲೈಂಗಿಕತೆ ಕುರಿತ ಅಧ್ಯಯನಗಳಿಗೆ ಟೀಕಾಕಾರರು ಇಟ್ಟ ಅಡ್ಡಹೆಸರು ಇದು. ಇಲ್ಲಿ ತೀರ್ಮಾನ ಮೊದಲೇ ಸಿದ್ಧವಿರುತ್ತದೆ, ಸಾಕ್ಷಿಯನ್ನು ಆಮೇಲೆ ಹುಡುಕುತ್ತಾರೆ ಅನ್ನುವುದು ಅವರ ಆರೋಪ.

ಪದ ಸುದ್ದಿಯಾದದ್ದು 2018ರ ಅಕ್ಟೋಬರಿನಲ್ಲಿ. ಪೀಟರ್ ಬೊಘೋಸಿಯನ್, ಜೇಮ್ಸ್ ಲಿಂಡ್ಸೆ, ಹೆಲೆನ್ ಪ್ಲಕ್‌ರೋಸ್ ಎಂಬ ಮೂವರು, ಈ ಆರೋಪ ನಿಜವೆಂದು ತೋರಿಸಲು, 20 ಸುಳ್ಳು ಪ್ರಬಂಧಗಳನ್ನು ಬರೆದು ಈ ಕ್ಷೇತ್ರದ ಸಂಶೋಧನಾ ಪತ್ರಿಕೆಗಳಿಗೆ ಕಳಿಸಿದ್ದರು. ಗುಟ್ಟು ರಟ್ಟಾಗುವ ಹೊತ್ತಿಗೆ 4 ಅಚ್ಚಾಗಿದ್ದವು, 3 ಒಪ್ಪಿಗೆ ಪಡೆದಿದ್ದವು, 6 ತಿರಸ್ಕೃತವಾಗಿದ್ದವು. ಉಳಿದವು ಇನ್ನೂ ಪರಿಶೀಲನೆಯಲ್ಲಿದ್ದವು.

ಅವುಗಳಲ್ಲಿ ಹೆಸರುವಾಸಿಯಾದದ್ದು ನಾಯಿಗಳ ಪ್ರಬಂಧ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ನಾಯಿ ಪಾರ್ಕುಗಳಲ್ಲಿ ಹೆಚ್ಚುಕಮ್ಮಿ 1,000 ಗಂಟೆ ಕೂತು ನೋಡಿದೆ, ಹತ್ತಿರ ಹತ್ತಿರ 10,000 ನಾಯಿಗಳ ಜನನಾಂಗ ಪರೀಕ್ಷಿಸಿದೆ ಎಂದು ಅದರ ‘ಲೇಖಕಿ’ ಬರೆದಿದ್ದಳು. ಅಂಥ ಲೇಖಕಿಯೇ ಇರಲಿಲ್ಲ. ನಾಯಿಗೆ ತರಬೇತಿ ಕೊಡುವ ಹಾಗೆ ಗಂಡಸರನ್ನೂ ಪಳಗಿಸಬಹುದು ಅನ್ನೋ ಸಲಹೆ ಬೇರೆ! ‘ಜೆಂಡರ್, ಪ್ಲೇಸ್ ಆ್ಯಂಡ್ ಕಲ್ಚರ್’ ಪತ್ರಿಕೆ ಇದನ್ನು ಅಚ್ಚು ಹಾಕಿದ್ದಲ್ಲದೆ, ತನ್ನ 25ನೇ ವರ್ಷದ ಸಂಭ್ರಮಕ್ಕೆ ಆರಿಸಿದ ಒಳ್ಳೆಯ ಪ್ರಬಂಧಗಳ ಸಾಲಿಗೂ ಸೇರಿಸಿತ್ತು. ಆಮೇಲೆ ಹಿಂದಕ್ಕೆ ಪಡೆಯಿತು.

ಈ ಅಧ್ಯಯನಗಳ ಪರ ನಿಂತವರ ಉತ್ತರ ಹೀಗಿತ್ತು: ಅಚ್ಚಿಗೆ ಮೊದಲು ಪ್ರಬಂಧ ಓದಿ ನೋಡುವ ಪರಿಶೀಲಕರು ಅಂಕಿಅಂಶವನ್ನು ನಂಬಿಕೆಯ ಮೇಲೆ ಓದುತ್ತಾರೆ, ಕಟ್ಟುಕಥೆ ಬರೆದು ಕೊಟ್ಟರೆ ಯಾವ ಕ್ಷೇತ್ರದವರೂ ಮೋಸ ಹೋಗಬಹುದು. ಬೇರೆ ವಿಷಯದ ಪತ್ರಿಕೆಗಳಿಗೂ ಇಂಥವನ್ನೇ ಕಳಿಸಿ ಹೋಲಿಸಿ ನೋಡಿರಲಿಲ್ಲ. ಇದು ನ್ಯಾಯವಾದ ಮಾತು. ಆದರೂ 10,000 ನಾಯಿಗಳ ಲೆಕ್ಕ ನೋಡಿ ಒಬ್ಬರಿಗಾದರೂ ‘ಇದೆಂಥದಪ್ಪಾ’ ಅನಿಸಬೇಕಿತ್ತು, ಅಲ್ವಾ? ಇತ್ತ ಬೊಘೋಸಿಯನ್ ಕೆಲಸ ಮಾಡುತ್ತಿದ್ದ ಪೋರ್ಟ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿ, ಅನುಮತಿ ಪಡೆಯದೆ ಮನುಷ್ಯರ ಮೇಲೆ, ಅಂದರೆ ಪತ್ರಿಕೆಗಳ ಸಂಪಾದಕರು, ಪರಿಶೀಲಕರ ಮೇಲೆ ಸಂಶೋಧನೆ ಮಾಡಿದ್ದೀರಿ ಎಂದು ಅವರನ್ನೇ ತಪ್ಪಿತಸ್ಥರೆಂದಿತು. ಅವರು 2021ರಲ್ಲಿ ರಾಜೀನಾಮೆ ಕೊಟ್ಟರು.

ಅದೇ 2018ರ ಅಕ್ಟೋಬರಿನಲ್ಲಿ ಹಂಗೇರಿ ಸರ್ಕಾರ ಲಿಂಗತ್ವ ಅಧ್ಯಯನದ ಎಂ.ಎ. ಪದವಿಗೆ ಮಾನ್ಯತೆಯನ್ನೇ ತೆಗೆದುಹಾಕಿತು. ಅದಕ್ಕೂ ನಾಯಿಗಳಿಗೂ ಸಂಬಂಧವಿಲ್ಲ. ಆದರೆ ವಾದ ಕೇಳುವುದಕ್ಕೆ ಒಂದೇ ಥರ ಇತ್ತು: ಇದು ವಿದ್ಯೆಯಲ್ಲ, ಸಿದ್ಧಾಂತ.

ನನಗೆ ಈ ಅಡ್ಡಹೆಸರು ಹಿಡಿಸುವುದಿಲ್ಲ. ಒಬ್ಬರ ಕಳಪೆ ಬರಹಕ್ಕೆ ಇಡೀ ಓಣಿಗೆ ಬೈದ ಹಾಗೆ. ನಮ್ಮಲ್ಲಿ ಮಹಿಳಾ ಅಧ್ಯಯನಕ್ಕೆ ಬಲ ಬಂದದ್ದು ಭಾರತದ ಮಹಿಳೆಯರ ಸ್ಥಿತಿಗತಿ ಕುರಿತ ಸರ್ಕಾರಿ ಸಮಿತಿಯ 1974ರ ‘ಟುವರ್ಡ್ಸ್ ಈಕ್ವಾಲಿಟಿ’ ವರದಿಯಿಂದ. 1,000 ಗಂಡಸರಿಗೆ 1901ರಲ್ಲಿ 972 ಹೆಂಗಸರಿದ್ದರು, 1971ಕ್ಕೆ 930ಕ್ಕಿಳಿದಿದ್ದರು. ಈ ಇಳಿಕೆಯನ್ನು ಅದು ಎತ್ತಿ ತೋರಿಸಿತು. ಅದು ಜನಗಣತಿಯ ಲೆಕ್ಕ, ಸುಮ್ನೆ ಗೊಣಗಿದ್ದಲ್ಲ.

ಈ ಪದವನ್ನು ಕನ್ನಡಕ್ಕೆ ತರುವವರಿಗೆ ಒಂದು ಮಾತು. ‘ಕುಂದುಕೊರತೆ ಅಧ್ಯಯನ’ ಅಂದರೆ ಚುಚ್ಚುಮಾತು ಕಾಣೆಯಾಗಿ ಯಾವುದೋ ಇಲಾಖೆಯ ಹೆಸರಿನಂತೆ ಕೇಳುತ್ತದೆ. ‘ಗೊಣಗಾಟದ ಅಧ್ಯಯನ’ ಅಂದರೆ ಚುಚ್ಚು ಉಳಿಯುತ್ತದೆ. ಆಗ ಉದ್ಧರಣ ಚಿಹ್ನೆ ಮಾತ್ರ ಮರೆಯಬೇಡಿ.