ನಂಬರ್ ಏರಿಸಿಬಿಡಿ ಸಾರ್!

'ಟೂ ಮೆನಿ ಕನೆಕ್ಷನ್ಸ್ ಅಂತ ಬರ್ತಿದೆ ಸಾರ್, ಆ ನಂಬರ್ ಸ್ವಲ್ಪ ಏರಿಸಿಬಿಡಿ.' ಭತ್ತದ ಸುಗ್ಗಿ ಶುರುವಾದರೆ ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಿಂದ ಡೇಟಾಬೇಸ್ ನೋಡಿಕೊಳ್ಳುವ ನನಗೆ ಇದೇ ಫೋನ್. ಬಳ್ಳಾರಿಯ ಜೀನ್ಸ್ ಘಟಕಗಳವರದ್ದೂ ಇದೇ ಮದ್ದು. ಹೋಗಿ ನೋಡಿದರೆ ಯಾರೋ ಆಗಲೇ ಮ್ಯಾಕ್ಸ್ ಕನೆಕ್ಷನ್ಸ್, ಅಂದರೆ ಡೇಟಾಬೇಸ್‌ಗೆ ಒಟ್ಟಿಗೆ ತೆರೆಯಬಹುದಾದ ಸಂಪರ್ಕಗಳ ಮಿತಿ, 1000 ಮಾಡಿಟ್ಟಿರುತ್ತಾರೆ. ಸರ್ವರ್ ಮಾತ್ರ ಎರಡು ಕೋರ್, 4 ಜಿಬಿ ರ್ಯಾಮ್!

ಎಪಿಎಂಸಿಯಲ್ಲಿ ವೇಬ್ರಿಡ್ಜ್ ಒಂದೇ ಇದ್ದಾಗ ಗೇಟ್ ನಾಲ್ಕು ಮಾಡಿದರೆ ಲಾರಿ ಬೇಗ ತೂಕ ಆಗುತ್ತದಾ? ಒಳಗೆ ಜಾಮ್ ಆಗುತ್ತದೆ, ಅಷ್ಟೇ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಒಂದೊಂದು ಕನೆಕ್ಷನ್‌ಗೂ ಒಂದು ಪ್ರೊಸೆಸ್ ಹುಟ್ಟಿಸುತ್ತದೆ. ಅದಕ್ಕೆಲ್ಲ ಮೆಮೊರಿ ಬೇಕಲ್ವಾ?

ಯಾರೂ ಹಾಕದ ಲೆಕ್ಕ ಒಂದಿದೆ, ಅದು ಗುಣಾಕಾರ. ಪೂಲ್ ಅಂದರೆ ಆ್ಯಪ್ ಮತ್ತೆ ಮತ್ತೆ ಬಳಸಲು ತೆರೆದಿಟ್ಟುಕೊಳ್ಳುವ ಕನೆಕ್ಷನ್‌ಗಳ ಗುಂಪು. ಈ ಪೂಲ್ ಸೈಜ್ ಇಡೀ ಆ್ಯಪ್‌ಗೆ ಅಲ್ಲ, ಒಂದೊಂದು ಪ್ರೊಸೆಸ್‌ಗೆ. ಪೈಥಾನ್‌ನವರು ಬಳಸುವ ಎಸ್‌ಕ್ಯೂಎಲ್‌ಆಲ್ಕೆಮಿ ತಗೊಳ್ಳಿ. ನೀವು ಏನೂ ಮುಟ್ಟದಿದ್ದರೆ ಪೂಲ್ 5, ಓವರ್‌ಫ್ಲೋ (ಗದ್ದಲವಾದಾಗ ಹೆಚ್ಚುವರಿ) 10, ಅಂದರೆ ಒಟ್ಟು 15. ನೀವು 8 ವರ್ಕರ್ (ಆ್ಯಪ್‌ನ 8 ಪ್ರೊಸೆಸ್) ಓಡಿಸಿದರೆ 120 ಆಯಿತು. ಪೋಸ್ಟ್‌ಗ್ರೆಸ್ ಡೀಫಾಲ್ಟ್ ಆಗಿ ಕೊಡುವುದೇ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ದಿನವಿಡೀ ಜನ ಕಮ್ಮಿ ಇದ್ದಾಗ ಏನೂ ಆಗುವುದಿಲ್ಲ, ಸಂಜೆ ಎಲ್ಲರೂ ಒಟ್ಟಿಗೆ ಬಿಲ್ ಹಾಕೋಕೆ ಕೂತಾಗ 98ನೆಯವನಿಗೆ ಬಾಗಿಲು ಬಂದ್, ಆಗ ಬೈಗುಳ ಡೇಟಾಬೇಸ್‌ಗೆ. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್‌ನಲ್ಲಿ ಡೀಫಾಲ್ಟ್ ಮಿತಿ 151, ಕಥೆ ಅದೇ. ಇನ್ನೊಂದು ಸರ್ವರ್ ಸೇರಿಸಿದಿರಾ? ಮತ್ತೆ ಎರಡರಿಂದ ಗುಣಿಸಿ. ರಾತ್ರಿ ಓಡುವ ರಿಪೋರ್ಟ್ ಜಾಬ್‌ಗೂ ಅದರದ್ದೇ ಪೂಲ್ ಇದ್ದರೆ ಅದನ್ನೂ ಕೂಡಿಸಿ.

ಹಾಗಾದರೆ ಎಷ್ಟಿಡಬೇಕು? ನಿಮ್ಮ ಕ್ವೆರಿ ನೋಡದೆ ಹೇಳಲಾರೆ. ಆದರೆ ಜಾವಾದವರು ಬಳಸುವ ಹಿಕಾರಿಸಿಪಿ ಪೂಲ್‌ನ ಡೀಫಾಲ್ಟ್ ಬರೀ 10. ಅಷ್ಟರಲ್ಲೇ ಎಷ್ಟೋ ಆ್ಯಪ್‌ಗಳು ಆರಾಮಾಗಿ ನಡೆಯುತ್ತವೆ.

ಒಂದು ಮಿಲ್‌ನಲ್ಲಿ ಲೆಕ್ಕ ಸರಿಯಾಗೇ ಇತ್ತು, ಆದರೂ ಸಂಜೆ ಆ್ಯಪ್ ನಿಂತುಬಿಡುತ್ತಿತ್ತು. ಹುಡುಗರು ಬುದ್ಧಿವಂತರೇ, ಪಾಪ. ಆದರೆ ಬಿಲ್ ಸೇವ್ ಮಾಡಲು ಟ್ರಾನ್ಸಾಕ್ಷನ್ ತೆರೆದು, ಅದನ್ನು ಮುಗಿಸುವ ಮೊದಲೇ ರೈತರಿಗೆ ಎಸ್‌ಎಂಎಸ್ ಕಳಿಸುತ್ತಿದ್ದರು. ಎಸ್‌ಎಂಎಸ್ ಕಂಪನಿ ಉತ್ತರ ಕೊಡುವವರೆಗೂ ಕನೆಕ್ಷನ್ ಸುಮ್ನೆ ಹಿಡಿದುಕೊಂಡು ಕೂತಿರುತ್ತಿತ್ತು. ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ (ಯಾವ ಕನೆಕ್ಷನ್ ಏನು ಮಾಡುತ್ತಿದೆ ಅನ್ನುವ ಪಟ್ಟಿ) 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತ ಸಾಲು ಸಾಲು. ಮೊದಲು ಕಮಿಟ್ (ಟ್ರಾನ್ಸಾಕ್ಷನ್ ಮುಗಿಸುವುದು), ಆಮೇಲೆ ಎಸ್‌ಎಂಎಸ್ ಅಂತ ಮಾಡಿದ ಮೇಲೆ ಸರಿಹೋಯಿತು. ನಂಬರ್ ಮುಟ್ಟಲೇ ಇಲ್ಲ.

ಬೆಳಗ್ಗೆ ಮೊದಲ ಬಿಲ್ ಮಾತ್ರ ಫೇಲ್ ಆಗುತ್ತದೆ ಅನ್ನುವವರದ್ದು ಬೇರೆ ರೋಗ. ಮೈಎಸ್‌ಕ್ಯೂಎಲ್ ಡೀಫಾಲ್ಟ್ ಆಗಿ 28800 ಸೆಕೆಂಡ್, ಅಂದರೆ 8 ಗಂಟೆ, ಕೆಲಸವಿಲ್ಲದ ಕನೆಕ್ಷನ್ ಅನ್ನು ಕಡಿದುಹಾಕುತ್ತದೆ. ಪೂಲ್‌ಗೆ ಅದು ಗೊತ್ತಿರುವುದಿಲ್ಲ. ಪೂಲ್‌ನ ರಿಸೈಕಲ್ ಸಮಯ (ಹಳೆ ಕನೆಕ್ಷನ್ ಬಿಟ್ಟು ಹೊಸದು ತೆರೆಯುವ ಅವಧಿ) ಅದಕ್ಕಿಂತ ಕಮ್ಮಿ ಇಟ್ಟರೆ ಸಾಮಾನ್ಯವಾಗಿ ಸಾಕು.

ಫೋನ್ ಮಾಡಿ, ಬೇಡ ಅನ್ನಲ್ಲ. ಆದರೆ ಮೊದಲು ಮೈಎಸ್‌ಕ್ಯೂಎಲ್ ಆದರೆ ಶೋ ಪ್ರೊಸೆಸ್‌ಲಿಸ್ಟ್, ಪೋಸ್ಟ್‌ಗ್ರೆಸ್ ಆದರೆ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಹಾಕಿ ಅದರ ಫೋಟೊ ಕಳಿಸಿ. ಸರ್ವರ್ ರೀಸ್ಟಾರ್ಟ್ ಮಾಡುವ ಮುಂಚೆ. ಆಮೇಲೆ ಕಳಿಸಿದರೆ ಅದರಲ್ಲಿ ನೋಡೋಕೆ ಏನೂ ಉಳಿದಿರುವುದಿಲ್ಲ.