ಫ್ರೆಂಚ್ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಂಡು ಕಲಿಯಬಹುದೇ?

ಪ್ರಶ್ನೆ: ಕನ್ನಡ ವರ್ಣಮಾಲೆಯಲ್ಲಿ ಇಲ್ಲದ ಧ್ವನಿಯೇ ಇಲ್ಲವೆನ್ನುತ್ತಾರೆ. ಹಾಗಿರುವಾಗ ಫ್ರೆಂಚ್ ಪದಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು ಓದಿದರೆ ಉಚ್ಚಾರಣೆ ತಾನಾಗಿ ಸರಿಹೋಗುವುದಿಲ್ಲವೇ? ಪ್ರತಿ ಪದದ ಮುಂದೆ ಕನ್ನಡ ಉಚ್ಚಾರಣೆ ಕೊಟ್ಟಿರುವ ಪಟ್ಟಿಯೊಂದನ್ನು ದಯವಿಟ್ಟು ಕೊಡಿ.

ಉತ್ತರ: ಸರಿಹೋಗುವುದಿಲ್ಲ, ಪಟ್ಟಿಯನ್ನೂ ಕೊಡುವುದಿಲ್ಲ. ಫ್ರೆಂಚನ್ನು ಭಾಷಾ ವಿಷಯವಾಗಿ ಆರಿಸಿಕೊಂಡ ಪಿಯುಸಿ ವಿದ್ಯಾರ್ಥಿಗಳಿಂದ ಹಿಡಿದು, ಕೆನಡಾಕ್ಕೆ ವಲಸೆ ಹೋಗಲು ಟೆಫ್ ಅಥವಾ ಟಿಸಿಎಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಗೆ ಸಿದ್ಧರಾಗುತ್ತಿರುವ ಎಂಜಿನಿಯರುಗಳವರೆಗೆ ಎಲ್ಲರೂ ಇದನ್ನೇ ಕೇಳುತ್ತಾರೆ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಕೇಳುತ್ತಾರೆ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಿ, ಇನ್ನು ಮುಂದೆ ಕೇಳುವವರಿಗೆ ಇದನ್ನೇ ತೋರಿಸಬೇಕೆಂದು ನಿರ್ಧರಿಸಿದ್ದೇನೆ. ಕನ್ನಡ ಲಿಪಿಯ ಬಗ್ಗೆ ನನಗೆ ಯಾವ ಅಗೌರವವೂ ಇಲ್ಲ. ಕನ್ನಡವನ್ನು ಬರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಲಿಪಿ ಬೇಕಾಗಿಲ್ಲ. ಆದರೆ ಅದು ಕನ್ನಡವನ್ನು ಬರೆಯುವುದಕ್ಕಾಗಿ ಬೆಳೆದು ಬಂದ ಲಿಪಿ ಎಂಬುದನ್ನು ಅಭಿಮಾನದ ಭರದಲ್ಲಿ ನಾವು ಮರೆಯುತ್ತೇವೆ.

‘ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ’ ಎಂಬ ಮಾತನ್ನು ಪರೀಕ್ಷಿಸಲು ಫ್ರಾನ್ಸಿನವರೆಗೆ ಹೋಗಬೇಕಾಗಿಲ್ಲ. ಎರಡರವರೆಗೆ ಎಣಿಸಿದರೆ ಸಾಕು. ಬರೆಯುವುದು ‘ಒಂದು, ಎರಡು’. ಬಾಯಿಂದ ಬರುವುದು ‘ವೊಂದು, ಯೆರಡು’. ಪದದ ಮೊದಲಲ್ಲಿ ಬರುವ ಒಕಾರಕ್ಕೆ ವಕಾರದ ಛಾಯೆಯನ್ನೂ ಎಕಾರಕ್ಕೆ ಯಕಾರದ ಛಾಯೆಯನ್ನೂ ಸೇರಿಸುವುದು ನಮ್ಮ ನಾಲಿಗೆಗೆ ಎಷ್ಟು ಸಹಜವಾಗಿದೆಯೆಂದರೆ, ಹಾಗೆ ಸೇರಿಸುತ್ತಿದ್ದೇವೆ ಎಂಬುದು ನಮ್ಮ ಕಿವಿಗೇ ಬೀಳುವುದಿಲ್ಲ. ವರ್ಣಮಾಲೆಯಲ್ಲಿ ಋಕಾರವಿದೆ, ಅದನ್ನು ‘ರು’ ಎಂದು ಓದುತ್ತೇವೆ. ಶಕಾರ ಷಕಾರಗಳೆರಡೂ ಇವೆ, ‘ದೇಶ’ ಮತ್ತು ‘ಭಾಷೆ’ ಎನ್ನುವಾಗ ನಮ್ಮಲ್ಲಿ ಹೆಚ್ಚಿನವರ ನಾಲಿಗೆ ಒಂದೇ ಜಾಗಕ್ಕೆ ಹೋಗುತ್ತದೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳು ಬಳಕೆಯಿಂದ ಹೋದವು, ಅವುಗಳ ಧ್ವನಿಯೂ ಹೋಯಿತು. ತಮಿಳರು ತಮ್ಮ ಭಾಷೆಯ ಹೆಸರಿನಲ್ಲಿ ಇಂದಿಗೂ ಉಚ್ಚರಿಸುವ ಆ ೞಕಾರವನ್ನು ನಾವು ನೆಮ್ಮದಿಯಾಗಿ ಳಕಾರ ಮಾಡಿಕೊಂಡಿದ್ದೇವೆ. ಹೀಗೆ ಅಕ್ಷರವಿದ್ದು ಧ್ವನಿಯಿಲ್ಲದ ಉದಾಹರಣೆಗಳಿರುವಂತೆ, ಧ್ವನಿಯಿದ್ದು ಅಕ್ಷರವಿಲ್ಲದ ಉದಾಹರಣೆಗಳೂ ಇವೆ. ‘ಬ್ಯಾಂಕ್’ ಎಂಬ ಬರಹದಲ್ಲಿ ಯಕಾರವೂ ಇದೆ, ಆಕಾರವೂ ಇದೆ. ಹೇಳುವಾಗ ಎರಡೂ ಇರುವುದಿಲ್ಲ. ಆದರೂ ಸರಿಯಾಗಿ ಓದುತ್ತೇವಲ್ಲ ಎಂದರೆ, ಆ ಪದವನ್ನು ನಾವು ಓದುವ ಮೊದಲೇ ಕೇಳಿದ್ದೆವು. ಅಕ್ಷರವು ಗೊತ್ತಿರುವ ಧ್ವನಿಯನ್ನು ನೆನಪಿಸಬಲ್ಲದು. ಗೊತ್ತಿಲ್ಲದ ಧ್ವನಿಯನ್ನು ಕಲಿಸಲಾರದು.

ಇಷ್ಟು ಸಾಲದೆಂದರೆ ಕರಾವಳಿಗೆ ಹೋಗೋಣ. ಕನ್ನಡ ಲಿಪಿ ನೆರೆಮನೆಯ ತುಳುವಿಗೇ ಪೂರ್ತಿ ಸಾಲುವುದಿಲ್ಲ. ತುಳುವಿನಲ್ಲಿ ‘ನಾನು ಬರುತ್ತೇನೆ’ ಮತ್ತು ‘ಅವನು ಬರುತ್ತಾನೆ’ ಎಂಬ ಎರಡು ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದರೆ ಕ್ರಿಯಾಪದ ಎರಡರಲ್ಲೂ ‘ಬರ್ಪೆ’ ಎಂದೇ ಕಾಣುತ್ತದೆ. ಮಾತಿನಲ್ಲಾದರೋ ಮೊದಲನೆಯದರ ಕೊನೆಯ ಎಕಾರವನ್ನು ಬಾಯಿ ಅಗಲಿಸಿ ಹೇಳುತ್ತಾರೆ, ಎರಡನೆಯದರ ಎಕಾರವನ್ನು ಬಾಯಿ ಕಿರಿದಾಗಿಸಿ ಹೇಳುತ್ತಾರೆ, ಮತ್ತು ತುಳುವರಲ್ಲಿ ಯಾರಿಗೂ ಈ ಎರಡರ ನಡುವೆ ಗೊಂದಲವಾಗುವುದಿಲ್ಲ. ಫ್ರೆಂಚಿನಲ್ಲಿ ಹುಲ್ಲುಗಾವಲಿಗೂ ‘ಹತ್ತಿರ’ ಎಂಬುದಕ್ಕೂ ಇರುವ ಪದಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇದೇ. ಕನ್ನಡದಲ್ಲಿ ಬರೆದುಕೊಳ್ಳುವವರು ಮೊದಲನೆಯದನ್ನು ‘ಪ್ರೇ’ ಎಂದೂ ಎರಡನೆಯದನ್ನು ‘ಪ್ರೆ’ ಎಂದೂ ಬರೆದುಕೊಂಡು, ಬಾಯಿಯ ಅಗಲದಲ್ಲಿರುವ ವ್ಯತ್ಯಾಸವನ್ನು ಕಾಲದ ವ್ಯತ್ಯಾಸವಾಗಿ ಮಾಡಿಬಿಡುತ್ತಾರೆ. ಹ್ರಸ್ವ, ದೀರ್ಘ ಎಂಬ ಭೇದ ಕನ್ನಡಕ್ಕೆ ಪ್ರಾಣ. ಫ್ರೆಂಚಿಗೆ ಅದರಿಂದ ಬಹಳ ಆಗಬೇಕಾದ್ದೇನೂ ಇಲ್ಲ. ನಮ್ಮ ಅ-ಆ, ಇ-ಈ, ಉ-ಊ, ಎ-ಏ, ಒ-ಓ ಜೋಡಿಗಳು ಹತ್ತು ಸ್ವರಗಳಂತೆ ಕಂಡರೂ ಗುಣದಲ್ಲಿ ಐದೇ. ಸಾಂಪ್ರದಾಯಿಕ ಎಣಿಕೆಯಂತೆ ಫ್ರೆಂಚಿನಲ್ಲಿ 16 ಸ್ವರಗಳಿವೆ, ಮತ್ತು ಅವು ಒಂದಕ್ಕಿಂತ ಒಂದು ಗುಣದಲ್ಲೇ ಬೇರೆ. ಐದು ಪಾತ್ರೆಗಳಲ್ಲಿ ಹದಿನಾರು ಬಗೆಯ ಧಾನ್ಯ ತುಂಬಿಟ್ಟರೆ ಬೆರಕೆಯಾಗದೆ ಇರುವುದು ಹೇಗೆ?

ಬೆರಕೆಯಿಂದ ಏನಾಗುತ್ತದೆಂಬುದಕ್ಕೆ ಒಂದು ಜೋಡಿ ಸಾಕು. ‘ಮೇಲೆ’ ಎಂಬ ಅರ್ಥದ ಫ್ರೆಂಚ್ ಪದವನ್ನು ಕನ್ನಡದಲ್ಲಿ ಬರೆದರೆ ‘ದಸು’ ಎಂದಾಗುತ್ತದೆ. ‘ಕೆಳಗೆ’ ಎಂಬ ಅರ್ಥದ ಪದವನ್ನು ಬರೆದರೆ ಅದೂ ‘ದಸು’ ಎಂದೇ ಆಗುತ್ತದೆ. ಬೀದಿಯೂ ‘ರು’, ಚಕ್ರವೂ ‘ರು’; ‘ನೀನು’ ಎಂಬುದೂ ‘ತು’, ‘ಎಲ್ಲ’ ಎಂಬುದೂ ‘ತು’. ಇವುಗಳಲ್ಲಿ ಎರಡನೆಯದು, ಅಂದರೆ ಫ್ರೆಂಚರು ಒ ಮತ್ತು ಯು ಎಂಬ ಎರಡು ರೋಮನ್ ಅಕ್ಷರಗಳನ್ನು ಸೇರಿಸಿ ಬರೆಯುವುದು, ನಮ್ಮ ಉಕಾರವೇ. ಬರೀ ಯು ಅಕ್ಷರದಿಂದ ಬರೆಯುವ ಮೊದಲನೆಯದು ಕನ್ನಡದಲ್ಲಿ ಇಲ್ಲವೇ ಇಲ್ಲ. ಕೆಲವು ಜಾಣರು ಅದನ್ನು ‘ತ್ಯು’, ‘ರ್ಯು’ ಎಂದು ಬರೆದುಕೊಂಡು ಸಮಸ್ಯೆ ಬಗೆಹರಿಯಿತೆಂದುಕೊಳ್ಳುತ್ತಾರೆ. ಬಗೆಹರಿಯಲಿಲ್ಲ, ಅಲ್ಲಿಲ್ಲದ ಯಕಾರವೊಂದು ನುಸುಳಿತು, ಅದರ ಹಿಂದೆ ಮತ್ತೆ ಅದೇ ನಮ್ಮ ಉಕಾರ ಬಂದು ಕುಳಿತಿತು.

ಈ ಸ್ವರವನ್ನು ಹೇಳುವ ಕ್ರಮ ಹೀಗಿದೆ. ಕನ್ನಡಿಯ ಮುಂದೆ ನಿಂತು ‘ಈ’ ಎಂದು ಎಳೆಯಿರಿ. ನಾಲಿಗೆಯನ್ನು ಇದ್ದಲ್ಲೇ ಬಿಟ್ಟು, ಸೀಟಿ ಹೊಡೆಯುವವರಂತೆ ತುಟಿಗಳನ್ನು ಮಾತ್ರ ದುಂಡಗೆ ಮುಂದಕ್ಕೆ ತನ್ನಿ. ಹೇಳುವುದಕ್ಕೆ ಇಷ್ಟೇ, ಮಾಡುವಾಗ ತುಟಿ ದುಂಡಗಾದ ಕ್ಷಣವೇ ನಾಲಿಗೆ ಹಿಂದಕ್ಕೆ ಜಾರುತ್ತದೆ, ಏಕೆಂದರೆ ಕನ್ನಡದಲ್ಲಿ ದುಂಡುತುಟಿಯ ಸ್ವರಗಳಾದ ಉಕಾರ ಒಕಾರಗಳೆಲ್ಲ ನಾಲಿಗೆಯನ್ನು ಹಿಂದಕ್ಕೆ ಸೆಳೆದೇ ಹುಟ್ಟುವಂಥವು. ತುಟಿ ಮತ್ತು ನಾಲಿಗೆಗಳ ಈ ನಂಟನ್ನು ಬಿಡಿಸುವುದೇ ಇಲ್ಲಿರುವ ಕೆಲಸ. ನಾಲಿಗೆ ಜಾರಿತೇ ಎಂದು ತಿಳಿಯಲು ಪಿಸುಮಾತಿನಲ್ಲಿ ಹೇಳಿ ನೋಡಬೇಕು: ಪಿಸುಗುಟ್ಟಿದ ‘ಈ’ ಕೀಚಲಾಗಿ ಕೇಳುತ್ತದೆ, ‘ಊ’ ಮಂದ್ರವಾಗಿ ಕೇಳುತ್ತದೆ, ಫ್ರೆಂಚ್ ಸ್ವರವು ‘ಈ’ಗಿಂತ ತುಸು ತಗ್ಗಿದರೂ ‘ಊ’ಗಿಂತ ಬಹಳ ಮೇಲಿರಬೇಕು. ತುಳುವರಿಗೆ ಇಲ್ಲಿಯೂ ಒಂದು ಅನುಕೂಲವಿದೆ. ಮನೆ ಎಂಬ ಅರ್ಥದ ‘ಇಲ್ಲ್’ ಪದದ ಕೊನೆಯಲ್ಲಿ ತುಟಿ ದುಂಡಗಾಗದ ಉಕಾರವೊಂದಿದೆ, ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲದ್ದರಿಂದ ಅರ್ಧಾಕ್ಷರದ ಗುರುತಿಟ್ಟು ಸುಮ್ಮನಾಗುತ್ತೇವೆ. ತುಟಿ ಬೇರೆ, ನಾಲಿಗೆ ಬೇರೆ ಎಂಬ ಪಾಠವನ್ನು ತುಳುವರ ಬಾಯಿ ಆಗಲೇ ಕಲಿತಿದೆ. ಫ್ರೆಂಚಿಗಾಗಿ ಅದನ್ನು ತಿರುಗುಮುರುಗು ಮಾಡಿಕೊಳ್ಳಬೇಕಷ್ಟೆ.

ಇದೊಂದು ಕೈವಶವಾದರೆ ಇನ್ನೆರಡು ಸ್ವರಗಳು ಅದೇ ದಾರಿಯಲ್ಲಿ ಸಿಗುತ್ತವೆ. ‘ಏ’ ಎನ್ನುತ್ತ ತುಟಿ ದುಂಡಗೆ ಮಾಡಿದರೆ ‘ಎರಡು’, ‘ಬೆಂಕಿ’ ಎಂಬ ಫ್ರೆಂಚ್ ಪದಗಳ ಸ್ವರ ಬರುತ್ತದೆ; ಬಾಯನ್ನು ಇನ್ನಷ್ಟು ತೆರೆದು ಹಾಗೆಯೇ ಮಾಡಿದರೆ ‘ಭಯ’, ‘ಅಕ್ಕತಂಗಿ’ ಎಂಬವುಗಳ ಸ್ವರ ಬರುತ್ತದೆ. ಪದದ ಕೊನೆಯಲ್ಲಿ ಉಚ್ಚರಿಸುವ ವ್ಯಂಜನವಿದ್ದರೆ ಸಾಮಾನ್ಯವಾಗಿ ತೆರೆದ ಸ್ವರ, ಇಲ್ಲದಿದ್ದರೆ ಮುಚ್ಚಿದ ಸ್ವರ ಎಂಬಷ್ಟನ್ನು ನೆನಪಿಟ್ಟರೆ ಆರಂಭಕ್ಕೆ ಸಾಕು.

ಅನುನಾಸಿಕ ಸ್ವರಗಳ ವಿಷಯದಲ್ಲಿ ನಮ್ಮ ಅನುಸ್ವಾರವೇ ದಾರಿ ತಪ್ಪಿಸುತ್ತದೆ. ‘ಒಳ್ಳೆಯ’ ಎಂಬ ಅರ್ಥದ ಪುಲ್ಲಿಂಗ ಪದವನ್ನು ‘ಬೋಂ’ ಎಂದು ಬರೆದುಕೊಂಡವರು ಅದನ್ನು ‘ಬೋಮ್’ ಎಂದೇ ಓದುತ್ತಾರೆ, ಏಕೆಂದರೆ ಕನ್ನಡದಲ್ಲಿ ಸೊನ್ನೆ ಎಂದರೆ ಮುಂದಿನ ವ್ಯಂಜನಕ್ಕೆ ಹೊಂದುವ ಅನುನಾಸಿಕ ವ್ಯಂಜನ, ಕೊನೆಯಲ್ಲಿ ಬಂದರೆ ಮಕಾರ. ಫ್ರೆಂಚಿನಲ್ಲಿ ಅಲ್ಲಿ ಯಾವ ವ್ಯಂಜನವೂ ಇಲ್ಲ. ತುಟಿ ಮುಚ್ಚಬಾರದು, ನಾಲಿಗೆ ಎಲ್ಲಿಯೂ ತಾಗಬಾರದು. ಮೃದು ತಾಲು, ಅಂದರೆ ಅಂಗುಳದ ಹಿಂಬದಿಯ ಮೆತ್ತನೆಯ ಭಾಗ, ಕೆಳಗಿಳಿದು ಉಸಿರು ಬಾಯಿ ಮೂಗುಗಳೆರಡರಿಂದಲೂ ಹೊರಬರಬೇಕು. ಮೂಗು ಹಿಡಿದುಕೊಂಡು ಅಭ್ಯಾಸ ಮಾಡಿರೆಂದು ಹೇಳಿಕೊಡುವವರೂ ಇದ್ದಾರೆ. ಉಸಿರು ಹೋಗಬೇಕಾದ ದಾರಿಯನ್ನೇ ಮುಚ್ಚಿ ಏನನ್ನು ಅಭ್ಯಾಸ ಮಾಡುವುದೋ ನಾನರಿಯೆ. ಹಿಂದಿಯ ‘ಹಾಂ’ ಎಂಬುದನ್ನು ಸರಿಯಾಗಿ ಹೇಳಬಲ್ಲವರಿಗೆ ಈ ಬಗೆಯ ಸ್ವರ ಹೊಸದಲ್ಲ. ಕೊಂಕಣಿಗರಿಗಂತೂ ಇದು ಮನೆಮಾತಿನ ಸೊತ್ತು: ‘ನಾನು’ ಎಂಬ ಅರ್ಥದ ‘ಹಾಂವ್’ ಪದವನ್ನು ಕನ್ನಡ ಲಿಪಿಯಲ್ಲಿ ನೋಡಿದಾಗ ಅವರು ಅನುನಾಸಿಕ ಸ್ವರವನ್ನೇ ಓದುತ್ತಾರೆ, ಕನ್ನಡ ಮಾತ್ರ ಬಲ್ಲವರು ಮಕಾರ ಸೇರಿಸಿ ತೊದಲುತ್ತಾರೆ. ಲಿಪಿ ಒಂದೇ, ಸೊನ್ನೆಯೂ ಒಂದೇ; ಓದುವವರ ಬಾಯಿ ಬೇರೆ. ತರಗತಿಯಲ್ಲಿ ಈ ಪಾಠ ಬಂದಾಗ ಮಂಗಳೂರು ಕಡೆಯ ವಿದ್ಯಾರ್ಥಿಗಳು ಬೆಂಗಳೂರಿನವರಿಗಿಂತ ಬೇಗ ದಡ ಸೇರುವುದಕ್ಕೆ ಕಾರಣ ಅವರ ಮನೆಯಲ್ಲಿ ಆಡುವ ಭಾಷೆಗಳು, ವರ್ಣಮಾಲೆಯಲ್ಲ.

ವರ್ಣಮಾಲೆಗೆ ಸಲ್ಲಬೇಕಾದ ಗೌರವವನ್ನೂ ಸಲ್ಲಿಸಿಬಿಡುತ್ತೇನೆ. ಫ್ರೆಂಚಿನ ಪ, ತ, ಕಗಳು ನಮ್ಮವೇ. ಇಂಗ್ಲಿಷರು ಇವುಗಳ ಜೊತೆಗೆ ಉಸಿರನ್ನು ಊದುತ್ತಾರೆ, ಫ್ರೆಂಚರು ಊದುವುದಿಲ್ಲ, ನಾವೂ ಊದುವುದಿಲ್ಲ. ಫ್ರೆಂಚ್ ತಕಾರ ದಕಾರಗಳು ಹಲ್ಲಿಗೆ ತಾಗಿ ಹುಟ್ಟುತ್ತವೆ, ನಮ್ಮವೂ ಹಾಗೆಯೇ. ಇಂಗ್ಲಿಷ್ ಮಾತಾಡುವವರು ವರ್ಷಗಟ್ಟಲೆ ಹೆಣಗುವ ಈ ವ್ಯಂಜನಗಳು ನಮಗೆ ಹುಟ್ಟಿನಿಂದಲೇ ಬಂದಿವೆ. ದುಃಖದ ಸಂಗತಿಯೆಂದರೆ, ರೋಮನ್ ಅಕ್ಷರ ಕಂಡ ಕೂಡಲೇ ನಮ್ಮವರು ಇಂಗ್ಲಿಷ್ ನೆನೆದು ‘ಟು’ ಎನ್ನುತ್ತಾರೆ, ‘ಡ್ಯು’ ಎನ್ನುತ್ತಾರೆ. ಟಕಾರ ಡಕಾರಗಳು ಫ್ರೆಂಚಿನಲ್ಲಿ ಇಲ್ಲ.

ಜಕಾರದ ಬಗ್ಗೆ ಎರಡೇ ಮಾತು. ಮೀನಿಗೂ ವಿಷಕ್ಕೂ ಫ್ರೆಂಚಿನಲ್ಲಿರುವ ಪದಗಳ ನಡುವೆ ವ್ಯತ್ಯಾಸವಿರುವುದು ಒಂದು ಸಕಾರಕ್ಕೂ ಅದರ ಘೋಷ (ಗಂಟಲಲ್ಲಿ ಕಂಪನವಿರುವ) ರೂಪಕ್ಕೂ ಮಾತ್ರ. ನುಕ್ತೆ, ಅಂದರೆ ಅಕ್ಷರದ ಕೆಳಗೆ ಚುಕ್ಕೆ ಹಾಕಿದ ಜ಼ಕಾರ ಇಲ್ಲಿ ನೆರವಿಗೆ ಬರುತ್ತದೆ. ‘ನಾನು’, ‘ದಿನ’ ಎಂಬ ಪದಗಳ ಆರಂಭದ ಧ್ವನಿ ಇನ್ನೊಂದು. ‘ಶ್’ ಎನ್ನುತ್ತಲೇ ಗಂಟಲಲ್ಲಿ ಕಂಪನ ತಂದರೆ ಅದು ಬರುತ್ತದೆ, ‘ಜ’ ಎಂದರೆ ಬರುವುದಿಲ್ಲ. ಹಾಗೆಯೇ, ಮೇಲೆ ಹೇಳಿದ ‘ವೊಂದು’ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಫ್ರೆಂಚಿನಲ್ಲಿ ನೀರು ಎಂದರೆ ಬರೀ ‘ಓ’. ಅದರ ಮುಂದೆ ವಕಾರ ಬಂದರೆ ಕರು ಅಥವಾ ಕರುವಿನ ಮಾಂಸ. ಹೋಟೆಲಿನಲ್ಲಿ ಕುಳಿತ ಸಸ್ಯಾಹಾರಿಗಳು ಈ ಒಂದು ಪದವನ್ನಾದರೂ ಅಭ್ಯಾಸ ಮಾಡಿಕೊಂಡಿರುವುದು ಲೇಸು.

ಹಾಗಾದರೆ ಬರೆದುಕೊಳ್ಳಲೇಬಾರದೇ? ಬರೆದುಕೊಳ್ಳಿ, ಆದರೆ ಅದಕ್ಕೆಂದೇ ಮಾಡಿದ ಲಿಪಿಯಲ್ಲಿ. 1886ರಲ್ಲಿ ಪ್ಯಾರಿಸಿನಲ್ಲಿ ಪಾಲ್ ಪಾಸಿ ಎಂಬವರ ಮುಂದಾಳ್ತನದಲ್ಲಿ ಕೂಡಿದ ಭಾಷಾ ಶಿಕ್ಷಕರು ಇದೇ ತೊಡಕಿಗೆ ಪರಿಹಾರ ಹುಡುಕುತ್ತಿದ್ದರು: ಯಾವ ಭಾಷೆಯ ಕಾಗುಣಿತವೂ ಇನ್ನೊಂದು ಭಾಷೆಯ ಧ್ವನಿಯನ್ನು ಹಿಡಿಯಲಾರದು ಎಂಬುದು ಅವರಿಗೆ ತರಗತಿಯಲ್ಲೇ ಗೊತ್ತಾಗಿತ್ತು. ಅಂತರರಾಷ್ಟ್ರೀಯ ಧ್ವನಿಲಿಪಿ ಬೆಳೆದದ್ದು ಆ ಪ್ರಯತ್ನದಿಂದ. ಫ್ರೆಂಚ್ ನಿಘಂಟುಗಳಲ್ಲಿ ಪದದ ಪಕ್ಕದಲ್ಲಿ ಕಾಣುವ ವಿಚಿತ್ರ ಚಿಹ್ನೆಗಳು ಅವೇ. ಫ್ರೆಂಚಿಗೆ ಬೇಕಾದವು 36; ಕನ್ನಡದ ವರ್ಣಮಾಲೆಗಿಂತ ಕಡಿಮೆ. ನಾಲ್ಕು ವರ್ಷದ ಮಗುವಿಗೆ ಅಆಇಈ ತಿದ್ದಿಸುವ ನಮಗೆ ಅದು ಹೆಚ್ಚಾಗಬಾರದು. ಆದರೆ ಪ್ರತಿ ಚಿಹ್ನೆಯನ್ನೂ ಒಂದು ದನಿಯ ಜೊತೆಗೇ ಕಲಿಯಬೇಕು: ‘ಮೇಲೆ’ ಮತ್ತು ‘ಕೆಳಗೆ’ ಎಂಬಂಥ ಜೋಡಿಗಳನ್ನು ಧ್ವನಿಮುದ್ರಣದಲ್ಲಿ ಕೇಳಿ, ಯಾವುದು ಯಾವುದೆಂದು ಕಣ್ಣು ಮುಚ್ಚಿ ಗುರುತಿಸಲು ಬಂದ ಮೇಲೆ ಬಾಯಿ ತೆರೆಯಬೇಕು. ಕಿವಿಗೆ ಗೊತ್ತಾಗದ ವ್ಯತ್ಯಾಸವನ್ನು ಬಾಯಿ ಮಾಡುವುದಿಲ್ಲ.

ಇಷ್ಟು ಬರೆದರೂ ರಕಾರದ ಮಾತೇ ಬರಲಿಲ್ಲವೆಂದು ಕೆಲವರು ಹುಡುಕುತ್ತಿರಬಹುದು. ಬೇಕೆಂದೇ ಕೊನೆಗೆ ಬಿಟ್ಟಿದ್ದೇನೆ. ಫ್ರೆಂಚ್ ರಕಾರದಲ್ಲಿ ನಾಲಿಗೆಯ ತುದಿ ಕೆಳಹಲ್ಲಿನ ಹಿಂದೆ ಸುಮ್ಮನಿರುತ್ತದೆ, ನಾಲಿಗೆಯ ಹಿಂಭಾಗ ಕಿರುನಾಲಿಗೆಯ ಹತ್ತಿರಕ್ಕೆ ಏರಿ ಉಸಿರನ್ನು ಉಜ್ಜುತ್ತದೆ. ‘ಗ಼ಜ಼ಲ್’ ಎಂಬುದರ ಮೊದಲ ಧ್ವನಿಯನ್ನು ಉರ್ದು ಬಲ್ಲವರು ಹೇಳುವಂತೆ ಹೇಳಿದರೆ ಅದರ ಬಳಿ ಬಂದಿರಿ. ಪಕಾರ, ತಕಾರ, ಕಕಾರಗಳ ನಂತರ ಬಂದಾಗ ಅದು ‘ಖ಼ಾನ್’ ಎಂಬುದರ ಧ್ವನಿಯಂತಾಗುತ್ತದೆ. ಕಫ ತೆಗೆಯುವವರಂತೆ ಗಂಟಲನ್ನು ಕೆರೆಯಬೇಕಾಗಿಲ್ಲ. ಆದರೆ ಇದು ಬರದಿದ್ದರೂ ಪ್ರಳಯವೇನೂ ಆಗುವುದಿಲ್ಲ. ನಮ್ಮಂತೆ ನಾಲಿಗೆಯ ತುದಿಯಿಂದ ರಕಾರ ಹೇಳುವವರು ಇಪ್ಪತ್ತನೆಯ ಶತಮಾನದಲ್ಲಿಯೂ ಫ್ರಾನ್ಸಿನ ಹಳ್ಳಿಗಾಡಿನಲ್ಲಿದ್ದರು, ಕೆನಡಾದ ಮಾಂಟ್ರಿಯಲ್ ಸೀಮೆಯ ಹಳಬರು ಹಾಗೆ ಹೇಳುತ್ತಿದ್ದರು, ಆಫ್ರಿಕದ ಫ್ರೆಂಚ್ ಭಾಷಿಕರಲ್ಲಿ ಅನೇಕರು ಇಂದಿಗೂ ಹೇಳುತ್ತಾರೆ. ಅದರಿಂದ ಒಂದು ಪದ ಇನ್ನೊಂದಾಗುವುದಿಲ್ಲ. ‘ಮೇಲೆ’ಯನ್ನು ‘ಕೆಳಗೆ’ ಮಾಡುವವರು ರಕಾರಕ್ಕಾಗಿ ತಿಂಗಳುಗಟ್ಟಲೆ ಗಂಟಲು ನೋಯಿಸಿಕೊಳ್ಳುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಇಲ್ಲಿಗೆ ಬಂದ ಮೇಲೆ, ಯಾರೂ ಕೇಳದ, ಆದರೆ ಕೆನಡಾಕ್ಕೆ ಹೊರಟವರು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಏಳುತ್ತದೆ: ಕಲಿಯುತ್ತಿರುವುದು ಯಾರ ಫ್ರೆಂಚನ್ನು? ಪಠ್ಯಗಳ ಜೊತೆಗೆ ಬರುವ ಧ್ವನಿಮುದ್ರಣಗಳಲ್ಲಿ ಹೆಚ್ಚಾಗಿ ಕೇಳುವುದು ಪ್ಯಾರಿಸಿನ ಉಚ್ಚಾರಣೆ. ಮಾಂಟ್ರಿಯಲ್ ಇರುವ ಕೆಬೆಕ್ ಪ್ರಾಂತದವರು ‘ತು’ ಎನ್ನುವುದಿಲ್ಲ, ‘ತ್ಸು’ ಎನ್ನುತ್ತಾರೆ; ಮಂಗಳವಾರಕ್ಕೆ ‘ಮಾರ್ದಿ’ ಎನ್ನುವ ಬದಲು ‘ಮಾರ್ದ್ಜ಼ಿ’ ಎನ್ನುತ್ತಾರೆ. ಇದು ಒರಟು ಉಚ್ಚಾರಣೆಯೂ ಅಲ್ಲ, ತಪ್ಪೂ ಅಲ್ಲ. ಅಲ್ಲಿನ ವಾರ್ತಾವಾಚಕರೂ ಹೀಗೆಯೇ ಓದುತ್ತಾರೆ. ಇಕಾರದ ಮುಂದೆ ಮತ್ತು ನಾವು ಇಷ್ಟು ಹೊತ್ತು ಚರ್ಚಿಸಿದ ದುಂಡುತುಟಿಯ ಸ್ವರದ ಮುಂದೆ ಮಾತ್ರ ತಕಾರ ದಕಾರಗಳು ಹೀಗೆ ಮಾರ್ಪಡುತ್ತವೆ. ನಮ್ಮ ಉಕಾರದಂಥ ಸ್ವರದ ಮುಂದೆ ಮಾರ್ಪಡುವುದಿಲ್ಲ. ಆದ್ದರಿಂದ ‘ನೀನು’ ಮತ್ತು ‘ಎಲ್ಲ’ಗಳ ಸ್ವರಭೇದ ಇನ್ನೂ ಕಿವಿಗೆ ಹತ್ತದ ಕನ್ನಡಿಗನಿಗೆ ಮಾಂಟ್ರಿಯಲ್‌ನಲ್ಲಿ ವ್ಯಂಜನವೇ ಸುಳಿವು ಕೊಡುತ್ತದೆ, ಪ್ಯಾರಿಸಿನಲ್ಲಿ ಆ ಸುಳಿವು ಸಿಗುವುದಿಲ್ಲ. ಅನುನಾಸಿಕಗಳಲ್ಲಿ ಲೆಕ್ಕ ತಿರುವುಮುರುವಾಗುತ್ತದೆ: ಪಠ್ಯಪುಸ್ತಕಗಳು ಹೇಳುವ ನಾಲ್ಕರಲ್ಲಿ ಎರಡು ಪ್ಯಾರಿಸಿನಲ್ಲಿ ಬಹುತೇಕ ಒಂದಾಗಿ ಹೋಗಿರುವುದರಿಂದ ಅಲ್ಲಿಗೆ ಹೋಗುವವರು ಮೂರನ್ನು ಕಲಿತರೆ ಸಾಕು, ಕೆಬೆಕ್‌ಗೆ ಹೋಗುವವರು ನಾಲ್ಕನ್ನೂ ಕಲಿಯಬೇಕು.